ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿಸಿಕೊಳ್ಳಬಹುದಾ?

ಪ್ರಶ್ನೆ: ನನಗೆ 38 ವರ್ಷ. ದಿನಪೂರ್ತಿ ಕಂಪ್ಯೂಟರ್ ಮುಂದೆ ಕೆಲಸ. ಆರು ತಿಂಗಳಿಂದ ಕುತ್ತಿಗೆಯ ಬಲಗಡೆಯಿಂದ ಭುಜದವರೆಗೆ ಹಿಡಿದುಕೊಂಡಂತಿದೆ. ಒತ್ತಿದರೆ ಒಂದು ಗಂಟು ಸಿಗುತ್ತದೆ. ಸಂಜೆ ಹೊತ್ತಿಗೆ ನೋವು ಕಣತಲೆಗೂ ಏರುತ್ತದೆ. ಮಸಾಜ್ ಮಾಡಿಸಿದರೆ ಎರಡು ದಿನ ಹಗುರ, ಆಮೇಲೆ ಮತ್ತೆ ಅದೇ ಕಥೆ. ಫಿಸಿಯೋಥೆರಪಿಸ್ಟ್ ಡ್ರೈ ನೀಡ್ಲಿಂಗ್ (ಔಷಧಿ ಇಲ್ಲದೆ ಬರೀ ಸೂಜಿ ಚುಚ್ಚುವುದು) ಮಾಡೋಣ ಎಂದಿದ್ದಾರೆ. ಸೂಜಿ ಎಂದರೆ ನನಗೆ ಭಯ. ಇದು ಅಕ್ಯುಪಂಕ್ಚರ್ ತಾನೇ? ಮಾಡಿಸಿಕೊಳ್ಳಲಾ?

ಉತ್ತರ: ಮಾಡಿಸಿಕೊಳ್ಳಬಹುದು. ಆದರೆ ಸೂಜಿ ಒಂದರಿಂದಲೇ ನೋವು ವಾಸಿಯಾಗುತ್ತದೆ ಎಂದುಕೊಂಡು ಹೋಗಬೇಡಿ.

ಭುಜದ ಮೇಲೆ ಹರಡಿರುವ ಟ್ರೆಪೀಜಿಯಸ್ ಸ್ನಾಯುವಿನಲ್ಲಿ ಇಂಥ ಗಂಟು ಕಟ್ಟಿದರೆ ನೋವು ಕುತ್ತಿಗೆಯ ಪಕ್ಕದಿಂದ ಏರಿ ಕಣತಲೆಗೆ ಬರುವುದುಂಟು. ತೊಂದರೆ ಇರುವುದು ಭುಜದಲ್ಲಿ, ನೋಯುವುದು ತಲೆ. ಈ ಗಂಟಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತೇವೆ. ಯಾವ ಸ್ನಾಯುವಿನ ಗಂಟು ಎಲ್ಲೆಲ್ಲಿ ನೋವು ಕೊಡುತ್ತದೆ ಎಂಬುದನ್ನು ಅಮೆರಿಕದ ವೈದ್ಯರಾದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ ವಿವರವಾಗಿ ಬರೆದಿಟ್ಟಿದ್ದಾರೆ. ಮೊದಲೆಲ್ಲ ಗಂಟಿಗೆ ಮರಗಟ್ಟಿಸುವ ಔಷಧಿಯನ್ನು ಚುಚ್ಚುತ್ತಿದ್ದರು. ಔಷಧಿ ಇಲ್ಲದೆ ಬರೀ ಸೂಜಿ ಚುಚ್ಚಿದರೂ ನೋವು ಇಳಿಯುತ್ತದೆ ಎಂದು 1979ರಲ್ಲಿ ಆಗಿನ ಜೆಕೊಸ್ಲೊವಾಕಿಯಾದ ವೈದ್ಯ ಕಾರೆಲ್ ಲೆವಿಟ್ ಬರೆದರು. ಇವತ್ತು ನಾವು ಮಾಡುವುದೂ ಅದನ್ನೇ.

ಸೂಜಿ ಮಾತ್ರ ಅಕ್ಯುಪಂಕ್ಚರ್‌ನದ್ದೇ. ಅಕ್ಯುಪಂಕ್ಚರ್ ಮಾಡುವವರು ಚೀನಾದ ಸಾಂಪ್ರದಾಯಿಕ ವೈದ್ಯದ ಲೆಕ್ಕದಲ್ಲಿ ಜಾಗ ಆರಿಸುತ್ತಾರೆ. ನಾವು ಬಿಗಿದ ಸ್ನಾಯುವನ್ನು ಬೆರಳಿನಿಂದ ಹುಡುಕಿ ಅಲ್ಲೇ ಚುಚ್ಚುತ್ತೇವೆ.

ಭಯದ ಮಾತು. ಈ ಸೂಜಿಯ ದಪ್ಪ ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್. ಇಂಜೆಕ್ಷನ್ ಸೂಜಿಗಿಂತ ತುಂಬಾ ತೆಳು, ಒಳಗೆ ರಂಧ್ರವೂ ಇರುವುದಿಲ್ಲ. ಚರ್ಮ ದಾಟಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಗಂಟಿಗೆ ತಾಗಿದಾಗ ಮಾತ್ರ ಸ್ನಾಯು ಒಮ್ಮೆ ಚಿಮ್ಮುತ್ತದೆ, ಕ್ಷಣಕಾಲ ಸೆಳೆತ ಹಿಡಿದಂತಾಗುತ್ತದೆ. ಹಿತವಲ್ಲ, ಆದರೆ ಬೇಗ ಹೋಗುತ್ತದೆ. ತಲೆ ಸುತ್ತಬಾರದೆಂದು ಮಲಗಿಸಿಯೇ ಮಾಡಬೇಕು. ಸಾಕು ಅನಿಸಿದರೆ ಹೇಳಿ, ನಿಲ್ಲಿಸುತ್ತಾರೆ. ಅಷ್ಟಾದರೂ ಮನಸ್ಸು ಒಪ್ಪದಿದ್ದರೆ ಬೇಡ. ಕೈಯಿಂದ ಒತ್ತಿ ಸಡಿಲಿಸುವುದು ಮತ್ತು ವ್ಯಾಯಾಮ ಇದ್ದೇ ಇವೆ. ಸುಮ್ನೆ ಹಲ್ಲು ಕಚ್ಚಿ ಮಲಗಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ ಅಷ್ಟೆ.

ಒಂದು ವಿಷಯದಲ್ಲಿ ಮಾತ್ರ ನೀವು ಹುಷಾರಾಗಿರಬೇಕು. ಭುಜದ ಆ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಇದು ಅಪರೂಪ, ಆದರೆ ಆಗುವಂಥದ್ದು. ಅದಕ್ಕೇ ತರಬೇತಿ ಪಡೆದವರು ಸ್ನಾಯುವನ್ನು ಬೆರಳಲ್ಲಿ ಎತ್ತಿ ಹಿಡಿದು, ಎದೆಯಿಂದ ದೂರದ ದಿಕ್ಕಿಗೆ ಚುಚ್ಚುತ್ತಾರೆ. ಇದಕ್ಕೆ ಪ್ರತ್ಯೇಕ ತರಬೇತಿ ಆಗಿದೆಯಾ ಎಂದು ಕೇಳಲು ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಚುಚ್ಚಿಸಿಕೊಂಡ ಮೇಲೆ, ಕೆಲವು ಗಂಟೆ ಕಳೆದ ಮೇಲಾದರೂ ಸರಿ, ಉಸಿರೆಳೆದರೆ ಎದೆ ನೋವು ಅಥವಾ ಏದುಸಿರು ಬಂದರೆ ಆಗಲೇ ಎಮರ್ಜೆನ್ಸಿಗೆ ಹೋಗಿ. ಸೂಜಿ ಹಾಕಿಸಿಕೊಂಡದ್ದನ್ನು ಮರೆಯದೆ ಹೇಳಿ. ಒಂದೆರಡು ದಿನ ಆ ಜಾಗ ನೋಯುವುದು, ಸಣ್ಣದಾಗಿ ನೀಲಿಗಟ್ಟುವುದು ಸಾಮಾನ್ಯ.

ಇನ್ನು ಫಲ. ಕುತ್ತಿಗೆ, ಭುಜದ ನೋವಿಗೆ ಇದು ಕೆಲವು ದಿನ, ಕೆಲವು ವಾರ ಆರಾಮ ಕೊಡುತ್ತದೆ ಎನ್ನಲು ಅಧ್ಯಯನಗಳ ಆಧಾರವಿದೆ. ದೀರ್ಘಕಾಲಕ್ಕೆ ವ್ಯಾಯಾಮಕ್ಕಿಂತ ಮೇಲು ಎನ್ನಲು ಗಟ್ಟಿ ಆಧಾರವಿಲ್ಲ. ಮಸಾಜ್ ಆದಮೇಲೆ ನೋವು ವಾಪಸ್ ಬಂದದ್ದೇಕೆ? ನೀವು ಮತ್ತೆ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ ಕೂತಿರಿ, ಅಲ್ವಾ? ಸೂಜಿ ಆದಮೇಲೂ ಹಾಗೇ ಆಗಬಹುದು. ನೋವು ಇಳಿದಿರುವ ಆ ದಿನಗಳಲ್ಲೇ ಕೆಲಸ ಶುರುವಾಗಬೇಕು. ಅದೇ ಸಂಜೆ ಕುತ್ತಿಗೆಯನ್ನು ನಿಧಾನವಾಗಿ ಎಲ್ಲ ಕಡೆ ಆಡಿಸಿ. ನೋವು ಆರಿದ ಮೇಲೆ ಭುಜ ಮತ್ತು ಬೆನ್ನಿನ ಮೇಲ್ಭಾಗಕ್ಕೆ ಬಲ ಕೊಡುವ ವ್ಯಾಯಾಮ ಕಲಿತು ಬಿಡದೆ ಮಾಡಿ. ಅರ್ಧ ಗಂಟೆಗೊಮ್ಮೆ ಏಳಿ. ಮೂರು ನಾಲ್ಕು ಸಲ ಮಾಡಿಸಿದರೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಬೇರೆ ಕಾರಣ ಹುಡುಕಬೇಕು.

ಕೈ ಜೋಮು ಹಿಡಿಯುವುದು, ಹಿಡಿತ ಕಮ್ಮಿಯಾಗುವುದು, ಜ್ವರ, ಹಠಾತ್ ಜೋರು ತಲೆನೋವು ಇದ್ದರೆ ಸೂಜಿಗೆ ಮೊದಲು ವೈದ್ಯರನ್ನು ನೋಡಿ.

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ಹೃದಯದ ತೊಂದರೆಗೆ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಾರೆ. ಸೊಂಟ ನೋವಿಗೆ ಇದನ್ನು ಮಾಡಿಸಬಹುದಾ? ಎರಡು ದಿನ ಮಾತ್ರೆ ಬಿಟ್ಟರೆ ಸಾಕಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಿಸಬೇಡಿ. ಸೊಂಟ ನೋವಿಗಾಗಿ ಹೃದಯವನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ. ಸೊಂಟದ ಸ್ನಾಯುಗಳು ಆಳದಲ್ಲಿವೆ. ಒಳಗೆ ರಕ್ತ ಜಿನುಗಿದರೆ ಮೇಲಿನಿಂದ ಒತ್ತಿ ನಿಲ್ಲಿಸುವುದು ಕಷ್ಟ. ನನ್ನನ್ನು ಕೇಳಿದರೆ ನಡಿಗೆ, ಬಿಸಿ ಶಾಖ ಮತ್ತು ಹೇಳಿಕೊಟ್ಟು ಮಾಡಿಸುವ ವ್ಯಾಯಾಮದಿಂದ ಶುರುಮಾಡಿ. ಆಮೇಲೂ ಸೂಜಿ ಬೇಕೆನಿಸಿದರೆ ಮಾತ್ರೆ ಬರೆದುಕೊಟ್ಟ ವೈದ್ಯರನ್ನೇ ಮೊದಲು ಕೇಳಿ.