ರೊಮೇನಿಯಾದ ಮಾರಮುರೆಷ್ ಹಳ್ಳಿಗಳಲ್ಲಿ ನೋಡುವಂಥದ್ದು ಏನಿದೆ?

ಮಾರಮುರೆಷ್ ಇರುವುದು ರೊಮೇನಿಯಾದ ಉತ್ತರ ತುದಿಯಲ್ಲಿ, ಉಕ್ರೇನ್ ಗಡಿಗೆ ತಾಗಿಕೊಂಡು. ಸುತ್ತ ಕಾರ್ಪೇಥಿಯನ್ ಬೆಟ್ಟಗಳು, ಇಳಿಜಾರಿನ ತುಂಬ ಹುಲ್ಲಿನ ಬಣವೆಗಳು. ಚೂಪು ಗೋಪುರದ ಮರದ ಚರ್ಚುಗಳಿಗೆ ಈ ಸೀಮೆ ಹೆಸರುವಾಸಿ. ಅವುಗಳಲ್ಲಿ ಎಂಟು 1999ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಮನೆ ಮುಂದಿನ ಓಕ್ ಮರದ ಹೆಬ್ಬಾಗಿಲುಗಳಲ್ಲಿ ಸೂರ್ಯ, ಹುರಿಹಗ್ಗದ ಕೆತ್ತನೆ ಕಾಣುತ್ತದೆ.

ಒಂದೇ ಜಾಗ ಹೇಳಿ ಅಂದರೆ, ನಾನು ಸಪಂತ್ಸಾ ಊರಿನ ಸ್ಮಶಾನ ಅಂತೀನಿ. ತಮಾಷೆಯಲ್ಲ! 1930ರ ದಶಕದಲ್ಲಿ ಸ್ಟಾನ್ ಇಯೋನ್ ಪತ್ರಾಷ್ ಎಂಬ ಕುಶಲಕರ್ಮಿ ಇಲ್ಲಿ ಓಕ್ ಮರದ ಶಿಲುಬೆ ಕೆತ್ತಲು ಶುರು ಮಾಡಿದರು. ಗಾಢ ನೀಲಿ ಬಣ್ಣ, ಸತ್ತವರ ಬದುಕಿನ ಒಂದು ಚಿತ್ರ, ಕೆಳಗೆ ಅವರೇ ಮಾತಾಡಿದಂತೆ ಪದ್ಯ. ಕುರಿ ಕಾಯುವವರು, ನೂಲುವ ಹೆಂಗಸರು, ಕುಡುಕರು ಎಲ್ಲರೂ ಇದ್ದಾರೆ. ಕಾಲೆಳೆಯುವ ಸಾಲುಗಳಿಗೂ ಬರವಿಲ್ಲ. ಪತ್ರಾಷ್ 1977ರಲ್ಲಿ ತೀರಿಕೊಂಡರು. ಅವರ ಶಿಲುಬೆಯೂ ಅಲ್ಲೇ ಇದೆ, ಅದನ್ನು ಮೊದಲೇ ತಾವೇ ಕೆತ್ತಿಟ್ಟಿದ್ದರು.