ಆಪರೇಷನ್ ಥಿಯೇಟರ್‌ನಲ್ಲಿ ಏನೋ ತಪ್ಪಾಗುತ್ತಿದೆ ಅನಿಸಿದರೂ ಸಿಬ್ಬಂದಿ ಯಾಕೆ ಸುಮ್ಮನಿರುತ್ತಾರೆ? ಅವರು ಮಾತಾಡುವಂತೆ ಮಾಡುವುದು ಹೇಗೆ?

ಗೊತ್ತಾಗದೆ ಸುಮ್ಮನಿರುವವರು ಕಡಿಮೆ. ಸರ್ಜನ್ ಎಲ್ಲರೆದುರು ಗದರಿಬಿಟ್ಟರೆ ಅನ್ನೋ ಭಯ, ನಾನೇ ತಪ್ಪು ತಿಳಿದಿದ್ದರೆ ಅನ್ನೋ ಅಳುಕು ಜಾಸ್ತಿ. ಹಾಗಾಗಿ 'ಧೈರ್ಯವಾಗಿ ಮಾತಾಡಿ' ಅಂತ ಸಿಬ್ಬಂದಿಗೆ ಹೇಳಿದರೆ ಸಾಲದು. ಮೊದಲು ಬದಲಾಗಬೇಕಾದವರು ಸರ್ಜನ್.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಸರ್ಜರಿಗಾಗಿ ಒಂದು ಸುರಕ್ಷತಾ ಚೆಕ್‌ಲಿಸ್ಟ್ ತಂದಿತು. ಚರ್ಮ ಕೊಯ್ಯುವ ಮೊದಲು ತಂಡದ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು ಅನ್ನೋದು ಅದರಲ್ಲೊಂದು. ಸುಮ್ನೆ ಶಿಷ್ಟಾಚಾರ ಅಲ್ಲ ಇದು. ಒಮ್ಮೆ ದನಿ ಎತ್ತಿದವರಿಗೆ ಮತ್ತೆ ಮಾತಾಡುವುದು ಸುಲಭ, ಅಲ್ವಾ? ಆಗಲೇ ಸರ್ಜನ್ 'ಏನಾದರೂ ಸರಿ ಕಾಣದಿದ್ದರೆ ನನ್ನನ್ನು ತಡೆಯಿರಿ' ಅಂದುಬಿಟ್ಟರೆ ಹೊಸ ನರ್ಸ್‌ಗೂ ಅಳುಕು ಕಡಿಮೆಯಾಗುತ್ತದೆ.

ಹೇಳುವ ಮಾತನ್ನೂ ಮೊದಲೇ ರೂಢಿ ಮಾಡಿಸಬೇಕು. 'ನನಗೆ ಆತಂಕ ಆಗ್ತಿದೆ, ಒಂದು ಗಾಜ್ ಬಟ್ಟೆ ಲೆಕ್ಕಕ್ಕೆ ಸಿಗ್ತಿಲ್ಲ, ಹೊಲಿಗೆ ನಿಲ್ಲಿಸಿ.' ಇಷ್ಟು ನೇರವಾಗಿ. ರಕ್ತ ಹೀರಲು ಬಳಸುವ ಆ ಬಟ್ಟೆ ದೇಹದೊಳಗೇ ಉಳಿದಿರಬಹುದಲ್ಲ. ಉತ್ತರ ಬರದಿದ್ದರೆ ಇನ್ನೊಮ್ಮೆ. ಆಮೇಲೂ ಕೇಳದಿದ್ದರೆ ಅಲ್ಲಿರುವ ಇನ್ನೊಬ್ಬ ಹಿರಿಯ ವೈದ್ಯರಿಗೆ ಹೇಳಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಅನುಮಾನ ಸುಳ್ಳಾದ ದಿನ ಏನಾಗುತ್ತದೆ ಅನ್ನೋದು. ಲೆಕ್ಕ ಸರಿಯಿತ್ತು ಅಂತ ಗೊತ್ತಾದರೂ ಸರ್ಜನ್ 'ಕೇಳಿದ್ದು ಒಳ್ಳೇದಾಯ್ತು' ಅನ್ನಬೇಕು. ಅವತ್ತು ರೇಗಿದರೆ, ನೋಡಿದ ಉಳಿದವರೂ ಮುಂದಿನ ಸಲ ಸುಮ್ಮನಾಗುತ್ತಾರೆ.