ಪುಣೆಯ ವೇತಾಳ ಟೇಕಡಿ ಅನ್ನೋ ಗುಡ್ಡದಲ್ಲಿ ಇಷ್ಟು ಮರ ಇದ್ರೂ ಹುಲ್ಲು, ಕಾಡುಹೂವು ಯಾಕೆ ಕಮ್ಮಿ?

ದೊಡ್ಡ ಕಾರಣ ಗ್ಲಿರಿಸಿಡಿಯಾ, ಊರಲ್ಲಿ ನಾವು ಗೊಬ್ಬರದ ಗಿಡ ಅಂತೀವಲ್ಲ ಅದೇ. ಮಧ್ಯ ಅಮೆರಿಕದ್ದು, ಗುಡ್ಡ ಬೇಗ ಹಸಿರಾಗ್ಲಿ ಅಂತ ನೆಟ್ರು, ಆದ್ರೆ ಇವು ತೆಳು ಮಣ್ಣಿನ ಕಲ್ಲುಗುಡ್ಡ, ಇಲ್ಲಿಗೆ ಒಗ್ಗಿದ್ದು ಹುಲ್ಲು ಮತ್ತೆ ಅಲ್ಲಲ್ಲಿ ಕುರುಚಲು ಮರ, ಅದನ್ನ ಬೋಳು ಜಾಗ ಅನ್ಕೊಂಡಿದ್ದೇ ನನಗೆ ತುಂಬಾ ಬೇಜಾರು. ಬಿಸಿಲು ಬೇಕಾದ ಹುಲ್ಲು ದಟ್ಟ ನೆರಳಲ್ಲಿ ಬದುಕಲ್ಲ. ಜೊತೆಗೆ ಈ ಗಿಡದ ಬೇರಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿಯತ್ತೆ, ಎಲೆ ಉದುರಿದಾಗ ಅದು ಮಣ್ಣಿಗೆ ಸೇರತ್ತೆ, ಆಗ ಬಡ ಮಣ್ಣಲ್ಲೇ ಗೆಲ್ತಿದ್ದ ಸಣ್ಣ ಗಿಡಗಳು ಹಿಂದೆ ಬಿದ್ದು, ಗೊಬ್ಬರ ಇಷ್ಟಪಡೋ ಕಳೆ ಮುಂದೆ ಬರಬಹುದು. ಕಡಿದ್ರೂ ಬುಡದಿಂದ ಮತ್ತೆ ಚಿಗುರತ್ತೆ, ಹಾಗಾಗಿ ಒಂದೇ ಸಲ ಕಡಿದ್ರೆ ಸಾಲದು, ಚಿಗುರು ತೆಗೀತಾ ಇರ್ಬೇಕು.